ಗುಡ್ಡಕ್ಕೆ ಯಾವ ಸ್ಟೌ ಒಯ್ಯುವುದು? ಚಿಮಿಣಿ ಎಣ್ಣೆ (ಸೀಮೆಎಣ್ಣೆ), ಪೆಟ್ರೋಲ್, ಸ್ಪಿರಿಟ್, ಗ್ಯಾಸ್: ಕಾಸರಗೋಡಿನವರಿಗೊಂದು ಹೋಲಿಕೆ

ತುಲಾ ತಿಂಗಳ ಗುಡುಗು ಮಳೆ ಕಳೆಯಿತು ಅಂದರೆ ನಮ್ಮ ಕಡೆ ಗುಡ್ಡ ಹತ್ತುವ ಮಾತು ಶುರುವಾಗುತ್ತದೆ. ರಾಣಿಪುರ, ಕೊಟ್ಟಂಚೇರಿ, ಪೊಸಡಿಗುಂಪೆ. ಗಡಿ ದಾಟಿದರೆ ಕುಮಾರಪರ್ವತ, ಕುದುರೆಮುಖ. ಅದರ ಹಿಂದೆಯೇ ಈ ಪ್ರಶ್ನೆ ಬರುತ್ತದೆ: "ಅಣ್ಣಾ, ಅಡುಗೆಗೆ ಯಾವ ಸ್ಟೌ ತಗೊಳ್ಳುವುದು? ಪೆಟ್ರೋಲಿನದ್ದು ಒಳ್ಳೆಯದಾ, ಗ್ಯಾಸಿನದ್ದಾ? ಅಜ್ಜನ ಕಾಲದ ಪಂಪ್ ಸ್ಟೌ ಅಟ್ಟದಲ್ಲಿದೆ, ಅದೇ ಸಾಕಾ?"

ಕೇಳುವವರು ವಿಡಿಯೊ ನೋಡಿಯೇ ಬಂದಿರುತ್ತಾರೆ. ದ್ರವ ಇಂಧನದ ಸ್ಟೌವೇ ಎಲ್ಲಕ್ಕಿಂತ ಮೇಲು, ಚಳಿಯಲ್ಲಿ ಗ್ಯಾಸ್ ಕೈಕೊಡುತ್ತದೆ ಅಂತ ಅಲ್ಲಿ ಹೇಳುತ್ತಾರೆ. ಮಾತು ನಿಜ. ಡಬ್ಬಿ ಗ್ಯಾಸಿನಲ್ಲಿರುವ ಬ್ಯೂಟೇನ್ ಆವಿಯಾಗುವುದು ಮೈನಸ್ 0.5 ಡಿಗ್ರಿಯಲ್ಲಿ. ಅದಕ್ಕಿಂತ ಕೆಳಗೆ ಹೋದರೆ ಅದು ಡಬ್ಬಿಯೊಳಗೆ ದ್ರವವಾಗಿಯೇ ಕೂತುಬಿಡುತ್ತದೆ. ಆದರೆ ಅದು ಹಿಮದ ಊರಿನ ಕಷ್ಟ. ರಾಣಿಪುರದ ತುದಿ ಸಮುದ್ರ ಮಟ್ಟದಿಂದ ಸಾವಿರ ಮೀಟರಿನ ಆಸುಪಾಸು. ಅಲ್ಲಿ ಧನು ತಿಂಗಳ ಬೆಳಗಿನ ಜಾವ ಕೈ ಸೆಡೆತರೂ ಗ್ಯಾಸ್ ಸೆಡೆಯುವುದಿಲ್ಲ. ನಮ್ಮ ಗುಡ್ಡಗಳಲ್ಲಿ ಕಾಡುವುದು ಗಾಳಿ, ಮಳೆ, ಒಣ ಮುಳಿಹುಲ್ಲು, ಮತ್ತೆ ಎಂಟು-ಹತ್ತು ಜನಕ್ಕೆ ಒಟ್ಟಿಗೆ ಗಂಜಿ ಬೇಯಿಸಬೇಕಾಗುವುದು.

ಹಾಗಾಗಿ ನಾನು ಹೇಳುವುದು ಇಷ್ಟು. ಮೊದಲು ಇಂಧನ ಆರಿಸಿ, ಸ್ಟೌ ಆಮೇಲೆ. ಯಾವ ಇಂಧನ ನಿಮಗೆ ಸುಲಭಕ್ಕೆ ಸಿಗುತ್ತದೆ, ಯಾವುದನ್ನು ಕಾನೂನು ಮೀರದೆ ಒಯ್ಯಬಹುದು, ಯಾವುದರಲ್ಲಿ ನಿಮ್ಮ ಅಡುಗೆ ಆಗುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕಿದರೆ ಸ್ಟೌವಿನ ಹೆಸರು ತನ್ನಷ್ಟಕ್ಕೆ ಗೊತ್ತಾಗುತ್ತದೆ.

ತೂಗಿ ನೋಡಬೇಕಾದ್ದು

ಎಲ್ಲಕ್ಕಿಂತ ಮೊದಲು, ಅಲ್ಲಿ ಬೆಂಕಿ ಹಚ್ಚಲು ಬಿಡುತ್ತಾರಾ? ಕಾದಿಟ್ಟ ಅರಣ್ಯದಲ್ಲಿ ಅನುಮತಿ ಇಲ್ಲದೆ ಬೆಂಕಿ ಹಚ್ಚುವುದು ಅಪರಾಧ, ಸ್ಟೌ ಕೂಡ ಬೆಂಕಿಯೇ. ಚೆಕ್‌ಪೋಸ್ಟಿನಲ್ಲಿ ಕೇಳಿ, ಬೇಡ ಅಂದರೆ ಅವಲಕ್ಕಿ-ಬೆಲ್ಲ ಕಟ್ಟಿಕೊಂಡು ಹೋಗಿ. ಇದು ಬರೀ ನಿಯಮದ ಮಾತಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಳ್ಗಿಚ್ಚಿಗೆ ಸಿಕ್ಕಿದರು. 23 ಜನ ತೀರಿಹೋದರು. ಒಣಗಿದ ಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುವ ವೇಗಕ್ಕೆ ಮನುಷ್ಯನ ಕಾಲು ಸಾಲದು. ನಮ್ಮ ಗುಡ್ಡಗಳಲ್ಲೂ ಕುಂಭ, ಮೀನ ತಿಂಗಳಲ್ಲಿ ಇರುವುದು ಅದೇ ಹುಲ್ಲು.

ಎರಡನೆಯದು, ಹೋಗುವುದು ಹೇಗೆ? ಸ್ವಂತ ಜೀಪೋ ಬೈಕೋ ಆದರೆ ಒಂದು ಲೆಕ್ಕ. ರೈಲಾದರೆ ಬೇರೆಯೇ ಲೆಕ್ಕ. ಹಿಮಾಲಯಕ್ಕೆ ಹೋಗುವ ನಮ್ಮ ಹುಡುಗರು ಹೆಚ್ಚಾಗಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋಗುವವರು. ಪ್ರಯಾಣಿಕರ ಬೋಗಿಯಲ್ಲಿ ಪೆಟ್ರೋಲ್, ಸೀಮೆಎಣ್ಣೆ, ಗ್ಯಾಸ್ ಯಾವುದನ್ನೂ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಮೂರು ವರ್ಷದವರೆಗೆ ಜೈಲಾಗಬಹುದು. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು 9 ಜನ ಸತ್ತದ್ದು ಒಳಗೆ ಕದ್ದು ತಂದಿದ್ದ ಗ್ಯಾಸ್ ಸಿಲಿಂಡರಿನಿಂದ. "ಒಂದು ಸಣ್ಣ ಡಬ್ಬಿ ಅಲ್ವಾ, ಬಟ್ಟೆಯೊಳಗೆ ಸುತ್ತಿಟ್ಟರೆ ಯಾರಿಗೂ ಗೊತ್ತಾಗದು" ಅನ್ನುವವರಿಗೆ ನಾನು ಈ ದಿನಾಂಕವನ್ನೇ ಹೇಳುವುದು. ವಿಮಾನದಲ್ಲಂತೂ ಇಂಧನದ ಮಾತೇ ಇಲ್ಲ. ಬಳಸಿದ ಸ್ಟೌವಿಗೆ ಎಣ್ಣೆಯ ವಾಸನೆ ಇದ್ದರೆ ಅದನ್ನೂ ತಡೆಯುತ್ತಾರೆ.

ಮೂರನೆಯದು ಅಡುಗೆ. ಬರೀ ಚಾ ಮತ್ತು ನೂಡಲ್ಸಿಗೆ ನೀರು ಕುದಿದರೆ ಸಾಕು. ಸಜ್ಜಿಗೆಗೆ ಉರಿ ಸಣ್ಣ ಮಾಡಲು ಬರಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಕುಚ್ಚಲಕ್ಕಿ ಗಂಜಿ ಬೇಕೇ ಬೇಕು ಅನ್ನುವವರಿಗೆ ಮುಕ್ಕಾಲು ಗಂಟೆಯ ಉರಿ ಬೇಕು. ಎತ್ತರ ಏರಿದಂತೆ ಸುಮಾರು 300 ಮೀಟರಿಗೆ ಒಂದು ಡಿಗ್ರಿಯ ಲೆಕ್ಕದಲ್ಲಿ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ರಾಣಿಪುರದಲ್ಲಿ ಅದು 96-97 ಡಿಗ್ರಿ. ಅಕ್ಕಿ ಅಷ್ಟರ ಮಟ್ಟಿಗೆ ತಡವಾಗಿ ಬೇಯುತ್ತದೆ. ಗುಡ್ಡಕ್ಕೆ ಬೆಳ್ತಿಗೆ ಅಕ್ಕಿ ಒಯ್ಯಿ ಅಂತ ನಾನು ಹೇಳುವುದು ಅದಕ್ಕೇ. ಇಂಧನ ಅರ್ಧಕ್ಕರ್ಧ ಉಳಿಯುತ್ತದೆ.

ಜನ ಎಷ್ಟು, ದುಡ್ಡು ಎಷ್ಟು, ಕೆಟ್ಟರೆ ರಿಪೇರಿ ಎಲ್ಲಿ ಅನ್ನುವುದು ಉಳಿದದ್ದು. ಅದನ್ನು ಒಂದೊಂದು ಸ್ಟೌ ನೋಡುತ್ತಾ ಹೇಳುತ್ತೇನೆ.

ಚಿಮಿಣಿ ಎಣ್ಣೆಯ ಪಂಪ್ ಸ್ಟೌ

ಅಟ್ಟದಲ್ಲಿರುವ ಹಿತ್ತಾಳೆಯ ಸ್ಟೌವನ್ನು ಹಗುರವಾಗಿ ಕಾಣಬೇಡಿ. ಸ್ವೀಡನ್ನಿನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ತಂದ ಪ್ರೈಮಸ್ ಇದರ ಮೂಲ. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ ತಂಡ, 1953ರಲ್ಲಿ ಎವರೆಸ್ಟ್ ಹತ್ತಿದ ತಂಡ, ಎರಡೂ ಕಡೆ ಹಿಮ ಕರಗಿಸಿ ನೀರು ಮಾಡಿಕೊಟ್ಟದ್ದು ಇದೇ ಜಾತಿಯ ಸ್ಟೌ. ಬಯಲಾಟಕ್ಕೆ ಗ್ಯಾಸ್‌ಲೈಟ್ (ಪೆಟ್ರೋಮ್ಯಾಕ್ಸ್) ಹಚ್ಚುವುದನ್ನು ನೋಡಿದವರಿಗೆ ಇದರ ಕೆಲಸ ಬೇಗ ಅರ್ಥವಾಗುತ್ತದೆ, ಯಾಕೆಂದರೆ ಎರಡರದ್ದೂ ಒಂದೇ ಕ್ರಮ. ಪಂಪು ಹೊಡೆದರೆ ಟಾಂಕಿಯ ಗಾಳಿ ಎಣ್ಣೆಯನ್ನು ಮೇಲಕ್ಕೆ ಒತ್ತುತ್ತದೆ. ಕಾದ ಬರ್ನರಿನೊಳಗೆ ಎಣ್ಣೆ ಆವಿಯಾಗುತ್ತದೆ. ಆ ಆವಿ ನಿಪ್ಪಲಿನ ಸೂಜಿಮೊನೆಯಷ್ಟು ತೂತಿನಿಂದ ಹಾರಿ ಗಾಳಿಗೆ ಬೆರೆತು ನೀಲಿಯಾಗಿ ಉರಿಯುತ್ತದೆ.

ಇದರ ಎಲ್ಲ ಗುಟ್ಟು ಇರುವುದು ಮೊದಲು ಕಾಯಿಸುವುದರಲ್ಲಿ. ಗಾಳಿ ಬಿಡುವ ಸ್ಕ್ರೂ ಸಡಿಲ ಮಾಡಿ. ಬರ್ನರಿನ ಬುಡದ ಬಟ್ಟಲಿಗೆ ಎರಡು ಚಮಚ ಸ್ಪಿರಿಟ್ ಹೊಯ್ದು ಕಡ್ಡಿ ಗೀರಿ. ಸ್ಪಿರಿಟ್ ಉರಿದು ಇನ್ನೇನು ಆರಬೇಕು ಅನ್ನುವಾಗ ಸ್ಕ್ರೂ ಬಿಗಿದು, ನಿಧಾನಕ್ಕೆ ಎರಡು ಸಲ ಪಂಪು ಹೊಡೆಯಿರಿ. ಸರ್ ಅಂತ ಸದ್ದು ಬಂದು ನೀಲಿ ಉರಿ ಸುತ್ತ ಹಿಡಿದರೆ ಸರಿಯಾಯಿತು, ಇನ್ನಷ್ಟು ಪಂಪು ಹೊಡೆಯಬಹುದು. ಹಳದಿ ಜ್ವಾಲೆ ಎದ್ದು ಕುಣಿದರೆ ಬರ್ನರ್ ಕಾದಿಲ್ಲ, ಹಸಿ ಎಣ್ಣೆ ಚಿಮ್ಮುತ್ತಿದೆ ಅಂತ ಅರ್ಥ. ಗಾಬರಿಯಲ್ಲಿ ಮತ್ತೆ ಪಂಪು ಹೊಡೆಯುವವರೇ ಜಾಸ್ತಿ. ಅದು ಮಾತ್ರ ಬೇಡ. ಮೈ ಹಿಂದೆ ಇಟ್ಟುಕೊಂಡು ಸ್ಕ್ರೂ ಬಿಡಿಸಿ ಗಾಳಿ ಬಿಡಿ, ಉರಿ ಇಳಿಯಲಿ, ತಣಿದ ಮೇಲೆ ಹೊಸದಾಗಿ ಶುರುಮಾಡಿ. ಸ್ಪಿರಿಟ್ ಇಲ್ಲದಿದ್ದರೆ ಚಿಮಿಣಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ತುಂಡೂ ಆಗುತ್ತದೆ, ಆದರೆ ಪಾತ್ರೆಗೂ ಕೈಗೂ ಮಸಿ ಮೆತ್ತುತ್ತದೆ.

ಇದರ ದೊಡ್ಡ ಗುಣ ಸುರಕ್ಷೆ. ಸೀಮೆಎಣ್ಣೆಯ ಆವಿಗೆ ಕಿಡಿಯಿಂದ ಬೆಂಕಿ ಹಿಡಿಯಬೇಕಾದರೆ ಅದು 38 ಡಿಗ್ರಿಯ ಆಸುಪಾಸಿಗಾದರೂ ಕಾದಿರಬೇಕು. ಪೆಟ್ರೋಲಿಗೆ ಮೈನಸ್ 40ರಲ್ಲೂ ಹಿಡಿಯುತ್ತದೆ. ಹತ್ತು ಜನರ ಗುಂಪಿನಲ್ಲಿ ಯಾರದ್ದಾದರೂ ಕಾಲು ತಾಗಿ ಬಾಟಲಿ ಉರುಳುವುದು ಇದ್ದದ್ದೇ. ಆಗ ಈ ವ್ಯತ್ಯಾಸ ಬಹಳ ದೊಡ್ಡದು. ಎರಡನೆಯ ಗುಣ, ಮೂರು ಕಾಲಿನ ಮೇಲೆ ಅಗಲಕ್ಕೆ ಕೂರುತ್ತದೆ, ಐದು ಲೀಟರಿನ ಕುಕ್ಕರ್ ಇಟ್ಟರೂ ಅಲುಗದು. ಮೂರನೆಯದು ರಿಪೇರಿ. ಪಂಪಿನ ಚರ್ಮದ ವಾಷರ್ ಒಣಗಿದರೆ ಎರಡು ಹನಿ ಎಣ್ಣೆ ಬಿಟ್ಟರೆ ಸಾಕು. ನಿಪ್ಪಲ್ ಕಟ್ಟಿದರೆ ಪಿನ್ ಹಾಕಿ ಬಿಡಿಸಬಹುದು. ಒಂದು ನಿಪ್ಪಲ್, ಎರಡು ವಾಷರ್, ನಾಲ್ಕು ಪಿನ್ ಬೆಂಕಿಪೆಟ್ಟಿಗೆಯೊಳಗೆ ಹಿಡಿಯುತ್ತವೆ.

ತೊಂದರೆಯೂ ಇದೆ. ತೂಕ ಜಾಸ್ತಿ. ಸದ್ದು ಜಾಸ್ತಿ. ಉರಿ ಸಣ್ಣ ಮಾಡಬೇಕಾದರೆ ಗಾಳಿ ಬಿಟ್ಟು ಇಳಿಸಬೇಕು, ಅದಕ್ಕೆ ಕೈ ಪಳಗಬೇಕು. ಚೀಲದಲ್ಲಿ ಒಂದು ಹನಿ ಸೋರಿದರೆ ಅವಲಕ್ಕಿ ತಿನ್ನುವ ಹಾಗಿರುವುದಿಲ್ಲ, ಹಾಗಾಗಿ ಎಣ್ಣೆಯ ಬಾಟಲಿ ಯಾವಾಗಲೂ ಹೊರಗಿನ ಜೇಬಿನಲ್ಲಿ, ಊಟದ ಸಾಮಾನಿಗಿಂತ ಕೆಳಗೆ ಇರಲಿ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಎಣ್ಣೆ ಸಿಗುವುದು. ರೇಷನ್ ಅಂಗಡಿಯ ನೀಲಿ ಎಣ್ಣೆ ಮನೆಬಳಕೆಗೆ ಕೊಡುವುದು, ಅದರ ಪಾಲೂ ವರ್ಷ ವರ್ಷ ಇಳಿಯುತ್ತಾ ಬಂದಿದೆ. ಅದನ್ನು ನಂಬಿ ಕಾರ್ಯಕ್ರಮ ಹಾಕಬೇಡಿ. ಸಬ್ಸಿಡಿ ಇಲ್ಲದ ಬಿಳಿ ಎಣ್ಣೆ ಎಲ್ಲಿ ಸಿಗುತ್ತದೆ ಅಂತ ಮೊದಲೇ ವಿಚಾರಿಸಿ. ಸಿಕ್ಕಿದ ಎಣ್ಣೆಯನ್ನು ತೆಳು ಬಟ್ಟೆಯಲ್ಲಿ ಸೋಸಿ ತುಂಬಿ. ನಿಪ್ಪಲ್ ಕಟ್ಟುವುದಕ್ಕೆ ಮುಕ್ಕಾಲು ಕಾರಣ ಎಣ್ಣೆಯ ಕಸ.

ಬತ್ತಿ ಸ್ಟೌ ಆಗದಾ ಅಂತಲೂ ಕೇಳುತ್ತಾರೆ. ಗುಡ್ಡದ ಗಾಳಿಗೆ ಅದು ನಿಲ್ಲುವುದಿಲ್ಲ. ಬೇಡ.

ಪೆಟ್ರೋಲಿನ ಮತ್ತು ಬಹು ಇಂಧನದ ಸ್ಟೌ

ಎಂಎಸ್ಆರ್, ಪ್ರೈಮಸ್, ಆಪ್ಟಿಮಸ್ ಕಂಪನಿಗಳ ಸ್ಟೌಗಳು ಈ ಸಾಲಿನವು. ಬಾಟಲಿ ಒಂದು ಕಡೆ, ಬರ್ನರ್ ಇನ್ನೊಂದು ಕಡೆ, ನಡುವೆ ಕೊಳವೆ. ಮಡಚಿದರೆ ಒಂದು ಮುಷ್ಟಿ. ಎಂಎಸ್ಆರ್ ಕಂಪನಿಯ ವಿಸ್ಪರ್‌ಲೈಟ್ ಇಂಟರ್‌ನ್ಯಾಷನಲ್ ಬಾಟಲಿ ಬಿಟ್ಟು 300 ಗ್ರಾಮಿನ ಆಸುಪಾಸು ತೂಗುತ್ತದೆ. ಬೆಲೆ ಮಾತ್ರ ಹತ್ತು ಸಾವಿರ ದಾಟುತ್ತದೆ.

ಕೊಳ್ಳುವ ಮುಂಚೆ ಒಂದು ವಿಷಯ ಗಟ್ಟಿಯಾಗಿ ನೆನಪಿಡಿ. ವಿದೇಶದ ವಿಡಿಯೊಗಳಲ್ಲಿ ಹೇಳುವ 'ವೈಟ್ ಗ್ಯಾಸ್' ಅನ್ನುವ, ಪೆಟ್ರೋಲಿನ ಥರದ ಶುದ್ಧ ದ್ರವ ಇಂಧನ ನಮ್ಮ ಅಂಗಡಿಗಳಲ್ಲಿ ಸಿಗುವ ವಸ್ತುವಲ್ಲ. ಬರೀ ವಿಸ್ಪರ್‌ಲೈಟ್ ಅಂತ ಇರುವ ಮಾದರಿ ಅದೊಂದಕ್ಕೇ ಮಾಡಿದ್ದು. ಹೆಸರಿನ ಜೊತೆ 'ಇಂಟರ್‌ನ್ಯಾಷನಲ್' ಅಂತ ಇದ್ದರೆ ಸೀಮೆಎಣ್ಣೆ, ಪೆಟ್ರೋಲ್ ನಡೆಯುತ್ತದೆ. ಅದರ ಜೊತೆ ಎರಡು ಜೆಟ್, ಅಂದರೆ ನಿಪ್ಪಲ್, ಕೊಡುತ್ತಾರೆ. ಸೀಮೆಎಣ್ಣೆಗೆ ಸಣ್ಣ ತೂತಿನದ್ದು, ಪೆಟ್ರೋಲಿಗೆ ದೊಡ್ಡದು. ಬದಲಿಸಲು ಮರೆತು ಪೆಟ್ರೋಲಿನ ಜೆಟ್ಟಿನಲ್ಲೇ ಸೀಮೆಎಣ್ಣೆ ಉರಿಸಿದರೆ ಹಳದಿ ಉರಿ, ಮಸಿ.

ಬಂಕಿನ ಪೆಟ್ರೋಲ್ ಹೇಗೆ? ಉರಿಯುತ್ತದೆ, ಬೇಗ ಹಿಡಿಯುತ್ತದೆ, ಶಾಖವೂ ಚೆನ್ನಾಗಿದೆ. ಆದರೆ ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾದವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರಿನ ಓ-ರಿಂಗನ್ನು ಉಬ್ಬಿಸಿ ಸೋರುವ ಹಾಗೆ ಮಾಡುತ್ತದೆ. ಪೆಟ್ರೋಲಿಗೆ ಬೆರೆಸುವ ಬೇರೆ ರಾಸಾಯನಿಕಗಳಿಂದ ಜೆಟ್ಟಿನಲ್ಲಿ ಮಸಿ ಕೂರುತ್ತದೆ, ಹೊಗೆಯೂ ಒಳ್ಳೆಯದಲ್ಲ. ಅನೇಕ ಬಂಕುಗಳಲ್ಲಿ ಬಾಟಲಿಗೆ ಪೆಟ್ರೋಲ್ ಕೊಡುವುದೂ ಇಲ್ಲ. ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಈ ಸ್ಟೌ ಕೊಂಡರೂ ಅದರಲ್ಲಿ ಸೀಮೆಎಣ್ಣೆಯನ್ನೇ ಉರಿಸಿ. ಪೆಟ್ರೋಲ್ ಬೇರೇನೂ ಸಿಗದಾಗ ಮಾತ್ರ.

ಅಡುಗೆಯ ಲೆಕ್ಕದಲ್ಲೂ ವ್ಯತ್ಯಾಸವಿದೆ. ವಿಸ್ಪರ್‌ಲೈಟ್ ನೀರು ಕುದಿಸಲು ಗಟ್ಟಿಗ, ಉರಿ ಸಣ್ಣ ಮಾಡಲು ಬಾರದು. ಅದೇ ಕಂಪನಿಯ ಡ್ರ್ಯಾಗನ್‌ಫ್ಲೈ ಸಜ್ಜಿಗೆ ಮಾಡುವಷ್ಟು ಸಣ್ಣಗೆ ಉರಿಯುತ್ತದೆ, ಆದರೆ ಪಕ್ಕದಲ್ಲಿ ಕೂತು ಮಾತಾಡಲು ಸಾಧ್ಯವಿಲ್ಲದಷ್ಟು ಸದ್ದು.

ಗಾಳಿಗೆ ಇವುಗಳಷ್ಟು ಒಳ್ಳೆಯದು ಬೇರೆ ಇಲ್ಲ. ಬಾಟಲಿ ದೂರ ಇರುವುದರಿಂದ ಬರ್ನರಿನ ಸುತ್ತ ತಗಡಿನ ಮರೆಯನ್ನು ಪೂರ್ತಿ ಸುತ್ತಬಹುದು. ಬೋಳು ಗುಡ್ಡದ ತಲೆಯಲ್ಲಿ ಇದೊಂದೇ ಕಾರಣಕ್ಕೆ ಇಂಧನ ಎಷ್ಟೋ ಉಳಿಯುತ್ತದೆ. ಬಾಟಲಿ ಮಾತ್ರ ಕಂಪನಿಯದ್ದೇ ಆಗಬೇಕು, ಗೆರೆಗಿಂತ ಮೇಲೆ ತುಂಬಬಾರದು. ಬಿಸಿಲಲ್ಲಿ ಕಾದ ಕಾರಿನೊಳಗೆ ಇಂಧನ ಹಿಗ್ಗಲು ಜಾಗ ಬೇಕಲ್ಲ.

ಸ್ಪಿರಿಟ್ ಸ್ಟೌ

ಒಬ್ಬರೇ ಹೋಗುವವರಿಗೆ ಇದು ತುಂಬ ಸುಲಭದ್ದು. ಸ್ವೀಡನ್ನಿನ ಟ್ರ್ಯಾಂಜಿಯಾ ಬರ್ನರ್ ಬರೀ 110 ಗ್ರಾಮ್. ಪಂಪಿಲ್ಲ, ವಾಷರಿಲ್ಲ, ಸದ್ದಿಲ್ಲ, ಕೆಡಲು ಏನೂ ಇಲ್ಲ. ಆದರೆ ಒಂದೇ ತೂಕಕ್ಕೆ ಸ್ಪಿರಿಟ್ ಕೊಡುವ ಶಾಖ ಸೀಮೆಎಣ್ಣೆಯ ಸುಮಾರು 60 ಶೇಕಡಾ. ಒಂದು ಲೀಟರ್ ನೀರಿಗೆ ಸೀಮೆಎಣ್ಣೆ 20 ಮಿಲಿಲೀಟರಿನಷ್ಟು ಸಾಕಾದರೆ ಇದು ಅದರ ಎರಡು ಪಟ್ಟಿನ ಹತ್ತಿರ ಕೇಳುತ್ತದೆ. ಗಾಳಿಗೆ ಇನ್ನೂ ಜಾಸ್ತಿ. ನಾಲ್ಕು ಜನಕ್ಕೆ ಅಡುಗೆ ಅಂದರೆ ಮುಗಿಯದ ಕೆಲಸ.

ಅಪಾಯ ಇರುವುದು ಅದರ ಉರಿಯಲ್ಲಿ. ಬಿಸಿಲಲ್ಲಿ ಸ್ಪಿರಿಟ್ಟಿನ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ. ಆರಿದೆ ಅಂದುಕೊಂಡು ಬಾಟಲಿಯಿಂದ ಹೊಯ್ದರೆ ಬೆಂಕಿ ಧಾರೆ ಹಿಡಿದು ಕೈಯೊಳಗಿನ ಬಾಟಲಿಗೇ ಬರುತ್ತದೆ. ಬರ್ನರ್ ಪೂರ್ತಿ ತಣಿದಿದೆ ಅಂತ ಮುಟ್ಟಿ ನೋಡುವವರೆಗೆ ಮತ್ತೆ ಹೊಯ್ಯಬಾರದು. ಕೈಗೆ ಹಾಕುವ ಸ್ಯಾನಿಟೈಸರ್ ಜೆಲ್ ಇದಕ್ಕೆ ಬದಲಿಯಲ್ಲ. ಸಿಗುವ ವಿಷಯಕ್ಕೆ ಬಂದರೆ, ಕೇರಳದಲ್ಲಿ ಸ್ಪಿರಿಟ್ ಮೇಲೆ ಅಬಕಾರಿ ಇಲಾಖೆಯ ಹಿಡಿತ ಬಿಗಿ. ಲೀಟರ್‌ಗಟ್ಟಲೆ ಇಟ್ಟುಕೊಂಡು ತಿರುಗುವುದು ಬೇಡ. ಮೆಥನಾಲ್ ಬೆರೆತದ್ದಾದರೆ ಅದು ವಿಷ, ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ನೀರಿನ ಬಾಟಲಿಯಲ್ಲಿ ಯಾವ ಇಂಧನವನ್ನೂ ತುಂಬಬೇಡಿ. ಕತ್ತಲಲ್ಲಿ ಬಾಯಾರಿದವನಿಗೆ ಎರಡೂ ಒಂದೇ ಥರ ಕಾಣುತ್ತವೆ.

ಗ್ಯಾಸ್

ದ್ರವ ಇಂಧನದ ಬಗ್ಗೆ ಕೇಳುವವರಲ್ಲಿ ಅರ್ಧ ಜನಕ್ಕೆ ಸರಿಯಾದ ಉತ್ತರ ಗ್ಯಾಸ್. ತಿರುಪು ಇರುವ 230 ಗ್ರಾಮಿನ ಕ್ಯಾನಿಸ್ಟರ್, ಅದರ ಮೇಲೆ ಅಂಗೈಯಗಲದ ಬರ್ನರ್. ತಿರುಗಿಸು, ಹಚ್ಚು, ಚಾ ಇಡು. ಉರಿ ಬೇಕಾದಷ್ಟು ಸಣ್ಣ ಮಾಡಬಹುದು. ಗಾಳಿ ಇಲ್ಲದ ಕಡೆ ಒಂದು ಕ್ಯಾನಿಸ್ಟರಿನಲ್ಲಿ ಹನ್ನೆರಡು-ಹದಿನೈದು ಲೀಟರ್ ನೀರು ಕುದಿಸಬಹುದು. ಬರ್ನರಿನ ಬೆಲೆಯೂ ಪೆಟ್ರೋಲ್ ಸ್ಟೌವಿನ ಒಂದು ಪಾಲು ಮಾತ್ರ.

ಅದರ ಮೇಲೆ ದೊಡ್ಡ ಪಾತ್ರೆ ಇಟ್ಟರೆ ಮಗುಚುತ್ತದೆ. ಗಾಳಿಗೆ ಸುತ್ತ ಮರೆ ಕಟ್ಟುವಂತೆಯೂ ಇಲ್ಲ. ಶಾಖ ಕೆಳಗಿನ ಡಬ್ಬಿಗೆ ತಾಗಿ ಅದು ಸಿಡಿಯಬಹುದು. ಒಂದು ಬದಿಗೆ ಮಾತ್ರ ಮರೆ ಇಡಿ. ಖಾಲಿ ಡಬ್ಬಿಯನ್ನು ವಾಪಸು ಹೊತ್ತು ತರಬೇಕು, ಪೊದೆಗೆ ಎಸೆಯಬಾರದು. ಕ್ಯಾನಿಸ್ಟರ್ ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ, ಹೊರಡುವ ದಿನ ಹುಡುಕಿದರೆ ಆಗದು.

ಸಂಸಾರ ಸಮೇತ ಹೊಳೆಬದಿಗೋ ತೋಟದ ಗುಡ್ಡೆಗೋ ಜೀಪಿನಲ್ಲಿ ಹೋಗುವವರಿಗೆ 5 ಕಿಲೋದ ಸಣ್ಣ ಸಿಲಿಂಡರ್ ಇದೆ. ಇಂಡೇನ್ ಅದಕ್ಕೆ ಚೋಟು ಅಂತ ಹೆಸರಿಟ್ಟದ್ದು 2020ರಲ್ಲಿ. ಬರ್ನರ್ ತಲೆಯ ಮೇಲೇ ಕೂರುವ, ಅಂಗಡಿಯಲ್ಲಿ ಕದ್ದು ತುಂಬಿಸಿಕೊಡುವ ಮಿನಿ ಸಿಲಿಂಡರ್ ಮಾತ್ರ ಮುಟ್ಟಬೇಡಿ. ಅದರ ವಾಲ್ವನ್ನು ಯಾರೂ ಪರೀಕ್ಷಿಸಿರುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ಇಬ್ಬರು-ಮೂವರು ಬೈಕಿನಲ್ಲಿ ಹೋಗಿ ಒಂದು ರಾತ್ರಿ ಉಳಿದು ಬರುವವರು ಕ್ಯಾನಿಸ್ಟರ್ ಗ್ಯಾಸ್ ತಗೊಳ್ಳಿ. ಹೆಚ್ಚು ಯೋಚಿಸಬೇಡಿ. ದ್ರವ ಇಂಧನದ ಸ್ಟೌವಿಗೆ ಸುರಿಯುವ ದುಡ್ಡಿನಲ್ಲಿ ಒಳ್ಳೆಯ ಮಳೆಕೋಟೂ ಮಲಗುವ ಚಾಪೆಯೂ ಬರುತ್ತವೆ.

ಕ್ಲಬ್ಬಿನವರೋ ಶಾಲೆಯವರೋ ಹತ್ತು ಹದಿನೈದು ಜನ ಸೇರಿ ಹೋಗುವುದಾದರೆ ಚಿಮಿಣಿ ಎಣ್ಣೆಯ ಪಂಪ್ ಸ್ಟೌ ಎರಡು ಒಯ್ಯಿ. ಒಂದು ಕೆಟ್ಟರೂ ಊಟ ನಿಲ್ಲುವುದಿಲ್ಲ. ತೂಕ ಹಂಚಿ ಹೊರಬಹುದು. ಹಚ್ಚುವ ಕೆಲಸ ಮಾತ್ರ ಪಳಗಿದ ಒಬ್ಬರದ್ದೇ ಆಗಿರಲಿ, ಮಕ್ಕಳು ದೂರ ಇರಲಿ. ಎಣ್ಣೆಯ ಲೆಕ್ಕ ಒಬ್ಬರಿಗೆ ದಿನಕ್ಕೆ ಸುಮಾರು 100 ಮಿಲಿಲೀಟರ್. ಹತ್ತು ಜನ, ಎರಡು ದಿನ ಅಂದರೆ ಎರಡು ಲೀಟರ್. ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಬೇಯಿಸಿದರೆ ಅದರಲ್ಲೂ ಉಳಿಯುತ್ತದೆ.

ಒಬ್ಬರೇ ನಡೆಯುವವರಿಗೆ, ಚಾ-ಕಾಫಿಗೆ ಮಾತ್ರ ಬೆಂಕಿ ಬೇಕಾದವರಿಗೆ ಸ್ಪಿರಿಟ್ ಸಾಕು. ಅದೂ ಸರಿಯಾದ ದಾರಿಯಲ್ಲಿ ಸ್ವಲ್ಪ ಸ್ಪಿರಿಟ್ ಸಿಗುವುದಾದರೆ.

ಬಹು ಇಂಧನದ ದುಬಾರಿ ಸ್ಟೌ ನಿಜವಾಗಿ ಬೇಕಾಗುವುದು ಪ್ರತಿವರ್ಷ ಹಿಮಾಲಯಕ್ಕೆ ಹೋಗಿ, ಹಿಮದಲ್ಲಿ ಹಲವು ರಾತ್ರಿ ಕಳೆದು, ತಾವೇ ಬೇಯಿಸಿಕೊಳ್ಳುವವರಿಗೆ. ಹಿಮ ಕರಗಿಸಬೇಕಾದರೆ ಇಂಧನ ಎರಡು ಪಟ್ಟು ಬೇಕು, ಅಲ್ಲಿ ಸೀಮೆಎಣ್ಣೆಯ ಬಲ ಕಾಣುತ್ತದೆ. ಅಂಥವರು ಸ್ಟೌವನ್ನು ಸೋಪು ಹಾಕಿ ತೊಳೆದು, ವಾಸನೆ ಹೋಗುವವರೆಗೆ ಒಣಗಿಸಿ, ಖಾಲಿ ಬಾಟಲಿಯ ಜೊತೆ ಒಯ್ಯಲಿ. ಇಂಧನವನ್ನು ಬೆಟ್ಟದ ಬುಡದ ಊರಿನಲ್ಲೇ ಕೊಳ್ಳಲಿ. ಮನಾಲಿ, ಲೇಹ್‌ನಂಥ ಕಡೆ ಟ್ರೆಕ್ಕಿಂಗ್ ಅಂಗಡಿಗಳಲ್ಲಿ ಕ್ಯಾನಿಸ್ಟರ್ ಕೂಡ ಸಿಗುತ್ತದೆ. ಹಾಗಾಗಿ ವರ್ಷಕ್ಕೊಂದು ಸಣ್ಣ ಚಾರಣ ಮಾಡುವವರಿಗೆ ಅಲ್ಲಿಗೂ ಗ್ಯಾಸೇ ಸಾಕು.

ಯಾವುದನ್ನೇ ಕೊಂಡರೂ ಟೆಂಟಿನೊಳಗೆ ಹಚ್ಚಬೇಡಿ. ಮಳೆ ಹೊಡೆಯುತ್ತಿದೆ, ಬಾಗಿಲು ಅರ್ಧ ತೆರೆದಿದ್ದೇವೆ ಅಂದರೂ ಬೇಡ. ಉರಿಯಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆ ಬಂದ ಹಾಗೆ ಆಗಿ ಎಚ್ಚರ ತಪ್ಪುತ್ತದೆ. ಮಳೆಗೆ ಟಾರ್ಪಾಲನ್ನು ಎತ್ತರಕ್ಕೆ ಕಟ್ಟಿ, ನಾಲ್ಕೂ ಬದಿ ತೆರೆದು, ಅದರ ಕೆಳಗೆ ಅಡುಗೆ ಮಾಡಿ. ಒಣಗಾಲದಲ್ಲಿ ಪಾದೆಕಲ್ಲಿನ ಮೇಲೆ ಸ್ಟೌ ಇಡಿ, ಸುತ್ತ ಎರಡು ಮಾರು ಹುಲ್ಲು ತೆಗೆದು, ಒಂದು ಬಾಟಲಿ ನೀರು ಕೈಗೆಟಕುವಲ್ಲಿ ಇರಲಿ. ಉರಿಯುವಾಗ, ಬಿಸಿ ಇರುವಾಗ ಎಣ್ಣೆ ತುಂಬಬಾರದು.

ಹೊರಡುವ ಒಂದು ವಾರ ಮುಂಚೆ ಮನೆಯಂಗಳದಲ್ಲಿ, ಒಯ್ಯುವ ಪಾತ್ರೆಯನ್ನೇ ಇಟ್ಟು, ಒಯ್ಯುವ ಅಕ್ಕಿಯನ್ನೇ ಹಾಕಿ ಒಂದು ಊಟ ಬೇಯಿಸಿ ನೋಡಿ. ಹಚ್ಚುವ ಮುಂಚೆ ಎಷ್ಟು ಇಂಧನ ಇತ್ತು, ಆಮೇಲೆ ಎಷ್ಟು ಉಳಿಯಿತು ಅಂತ ಅಳೆಯಿರಿ. ನಾನು ಕೊಟ್ಟ ಅಂದಾಜಿಗಿಂತ ಆ ಲೆಕ್ಕವೇ ನಿಮಗೆ ಸರಿ. ಅದಕ್ಕೆ ಗಾಳಿಗೆಂದು ಕಾಲು ಭಾಗ ಸೇರಿಸಿ ತುಂಬಿಕೊಳ್ಳಿ. ವಾಷರ್ ಸೋರುವುದಿದ್ದರೆ ಅಂದೇ ಗೊತ್ತಾಗುತ್ತದೆ, ಪೇಟೆಗೆ ಹೋಗಿ ಬದಲಿಸಲು ದಿನವೂ ಉಳಿದಿರುತ್ತದೆ.